ರಜೆ ಹಾಕದ ಸರ್ಕಾರಿ ಗುಳಿಗೆಯ ವಿರುದ್ಧ

ಮಾನ್ಯರೇ, ಮಾನ್ಯರಿಗೂ ಮೇಲಿನ ಮಾನ್ಯರೇ, ಅವರೆಲ್ಲರ ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಮೈಯೊಡ್ಡಿ ಮಲಗಿರುವ ಕಡತಗಳೇ,

ಹೊಸ ಔಷಧ ಕಂಡುಹಿಡಿಯುವ ಸರ್ಕಾರಿ ಇಲಾಖೆಯವರಾದ ತಾವು, ಸ್ನಾಯುಗಳು ಸೋತುಹೋಗುವ ಅಪರೂಪದ ಕಾಯಿಲೆಗೆಂದು ತಯಾರಿಸಿ ಪರೀಕ್ಷಾರ್ಥವಾಗಿ ಕೊಡುತ್ತಿರುವ ಗುಳಿಗೆಯನ್ನು, ರೋಗಿಗಳು ಕಡಿಮೆ, ಖರ್ಚು ಹೆಚ್ಚು ಎಂಬ ಕಾರಣಕ್ಕೆ ನಿಲ್ಲಿಸಲಿದ್ದೀರೆಂದೂ, ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದೆಂದೂ ಆಸ್ಪತ್ರೆಯ ಗೋಡೆಯ ಮೇಲೆ ಓದಿ ಪರಮಾನಂದವಾಯಿತು. ಆ ಗುಳಿಗೆ ನುಂಗುವವಳ ತಮ್ಮನಾಗಿ, ಅದು ನಮ್ಮ ಮನೆಗೆ ತಂದ ಅನಾಹುತವನ್ನು ನಿವೇದಿಸಿಕೊಳ್ಳುತ್ತಿದ್ದೇನೆ.

ನನ್ನ ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಕೂಗುತ್ತಿದ್ದವಳು. ಕಾಯಿಲೆ ಬಂದ ಮೇಲೆ ಮಧ್ಯಾಹ್ನಕ್ಕೇ ರೆಪ್ಪೆ ಜೋಲುತ್ತಿತ್ತು, ದನಿ ಸೋಲುತ್ತಿತ್ತು. ಸಂಜೆ ನೀರು ಬೇಕೆಂದರೂ ಲೋಟದ ಕಡೆ ಕಣ್ಣು ತಿರುಗಿಸುವುದಷ್ಟೇ. ಔಷಧ ಕಂಪನಿಯೊಂದಕ್ಕೆ ಬರೆದುಕೊಂಡೆವು. ಇಷ್ಟು ಕಡಿಮೆ ಜನಕ್ಕೆ ಬರುವ ಕಾಯಿಲೆಗೆ ಮಾರುಕಟ್ಟೆಯಿಲ್ಲವೆಂದು ಅವರು ಬಹಳ ಮರ್ಯಾದೆಯಿಂದ ಕೈ ತೊಳೆದುಕೊಂಡರು. ಆಗ ನಡುವೆ ಬಂದವರು ತಾವು.

ಸರ್ಕಾರಿ ಗುಳಿಗೆ ಎಂದಾಗ ನಾವು ನಿಶ್ಚಿಂತರಾಗಿದ್ದೆವು. ಹೆಸರಿಲ್ಲ, ಬರಿಯ ನಂಬರು. ಒಳಗೆಲ್ಲ ಕಹಿ, ಪೊಟ್ಟಣದ ತುಂಬ ಸಹಿ. "ಇದೇನ್ ಕೆಲ್ಸ ಮಾಡತ್ತೆ ಬಿಡೋ, ಹೊಟ್ಟೆಗಿಳಿದ ಮೇಲೆ ಊಟಕ್ಕೆ ಹೋಗಿದೀನಿ, ನಾಳೆ ಬನ್ನಿ ಅನ್ನತ್ತೆ" ಎಂದು ಭಾವ ನಕ್ಕಿದ್ದರು. ಮಾನ್ಯರೇ, ಅದು ಊಟಕ್ಕೆ ಹೋಗಲಿಲ್ಲ. ಭಾನುವಾರವೂ ದುಡಿಯಿತು. ಶಿಫಾರಸು ಕೇಳಲಿಲ್ಲ. ಸರ್ಕಾರದ ಮೇಲೆ ನಾವು ಇಷ್ಟು ವರ್ಷ ಕಷ್ಟಪಟ್ಟು ಉಳಿಸಿಕೊಂಡು ಬಂದ ಅಪನಂಬಿಕೆಯನ್ನು ಒಂದೇ ಗುಳಿಗೆ ಮಣ್ಣುಪಾಲು ಮಾಡಿತು.

ಈಗ ಬೆಳಗಾದರೆ ಇಡೀ ಬೀದಿಗೆ ಪ್ರಕಟಣೆ: "ಪ್ರಯಾಣಿಕರ ಗಮನಕ್ಕೆ! ಒದ್ದೆ ಟವೆಲ್ಲನ್ನ ಹಾಸಿಗೆ ಮೇಲೆ ಬಿಸಾಕಿರೋ ನನ್ನ ತಮ್ಮ ಎಲ್ಲಿದ್ರೂ ಕೂಡ್ಲೇ ಬಂದು ತಗೊಂಡು ಹೋಗ್ಬೇಕು!" ಭಾವ ನನ್ನ ಕಿವಿಯಲ್ಲಿ, "ಇದಕ್ಕೆ ವಾಲ್ಯೂಮ್ ಕಮ್ಮಿ ಮಾಡೋ ಗುಂಡಿ ಇಲ್ವೇನೋ?" ಎಂದರೆ, ಅಡುಗೆಮನೆಯಿಂದಲೇ ಉತ್ತರ: "ಇದೆ ರೀ, ಬೀದಿ ಬಾಗಿಲ ಚಿಲಕ. ತೆಗೆದು ಆಚೆ ಹೋಗಿ, ಕಮ್ಮಿ ಕೇಳ್ಸತ್ತೆ."

ಆದ್ದರಿಂದ ಗುಳಿಗೆಯನ್ನು ಕಚೇರಿ ವೇಳೆಯಲ್ಲಿ ಮಾತ್ರ ಕೆಲಸ ಮಾಡುವಂತೆಯೂ, ಸರ್ಕಾರಿ ರಜೆಗಳಂದು ಅಕ್ಕನ ನಾಲಿಗೆಗೂ ರಜೆ ಸಿಗುವಂತೆಯೂ, ನನ್ನ ತಪ್ಪುಗಳಷ್ಟೇ ಮರೆತುಹೋಗುವ ಒಂದು ಸಣ್ಣ ಅಡ್ಡಪರಿಣಾಮ ಇರುವಂತೆಯೂ ತಿದ್ದಬೇಕೆಂದು ಪ್ರಾರ್ಥನೆ. ಜೊತೆಗೆ, ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲೂ ತ್ರಾಣವಿಲ್ಲದ ತಮ್ಮ ಕಡತಗಳಿಗೆ ಅರ್ಧರ್ಧ ಗುಳಿಗೆ ಅರೆದು ಹಚ್ಚಿ ನೋಡಬಹುದು. ಸ್ನಾಯುಗಳ ಸಮಸ್ಯೆ ಅಲ್ಲಿಯೂ ಇದ್ದಂತಿದೆ.

ಕಿವಿ ಸೋತರೂ ಕೈ ಮುಗಿಯುತ್ತಿರುವ,
ತಮ್ಮ ವಿಶ್ವಾಸಿ,
ಅಕ್ಕನ ಬೆನ್ನಿಗೆ ಬಿದ್ದವನು

ಮರೆತ ಮಾತು: ನಗಲಿ ಎಂದು ಇಷ್ಟನ್ನೂ ಅಕ್ಕನಿಗೆ ಓದಿದೆ. ನಗಲಿಲ್ಲ. "ನಿಜವಾಗ್ಲೂ ನಿಲ್ಲಿಸ್ಬಿಡ್ತಾರೇನೋ?" ಎಂದಳು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. ದೂರೆಲ್ಲ ಸುಳ್ಳು, ಮಾನ್ಯರೇ. ನಿಲ್ಲಿಸಬೇಡಿ. ನಿಲ್ಲಿಸಲೇಬೇಕೆಂದಿದ್ದರೆ ಅದನ್ನು ಅವಳಿಗೆ ಹೇಳಲು ತಾವೇ ಬನ್ನಿ. ತಮ್ಮನ್ನು ಬೈಯುವಷ್ಟು ದನಿ ಅವಳಲ್ಲಿ ಉಳಿದಿರುವಾಗಲೇ ಬನ್ನಿ. ನನ್ನಿಂದ ಆಗುವುದಿಲ್ಲ.