ಮಾವನ ಕೊನೆಯ ಕೋಟು

"ಹೆದರಿಕೆ ಅನ್ನೋ ಬಟ್ಟೇನ ನನ್ನ ಅಳತೆಗೆ ಇನ್ನೂ ಯಾರೂ ಹೊಲಿದಿಲ್ಲ ಕಣೇ!" ಎಂದು ದರ್ಜಿ ದೋಣಿಗೆ ಕಾಲಿಡುವ ಮೊದಲೇ ಘೋಷಿಸಿದ. ಅಷ್ಟರಲ್ಲಿ ಗಾಳಿ ಅವನ ಟೋಪಿ ಕಿತ್ತುಕೊಂಡು ಹೋಗಿತ್ತು. "ಬಿರುಗಾಳಿ ಬರಲಿ, ಸಮುದ್ರವೇ ಮೇಲೆ ಬೀಳಲಿ, ನಿಮ್ಮಪ್ಪನಿಗೆ ಈ ಕೋಟು ತೊಡಿಸೇ ತೀರ್ತೀನಿ!"

ಹೆಂಡತಿ ಮೂಗೊರೆಸಿಕೊಂಡಳು. "ಇದ್ದಾಗ ತೊಡಿಸೋಕಾಗಲಿಲ್ಲ. ಈಗ ಶೂರರಾಗಿಬಿಟ್ರಿ."

ಮಾತು ನಾಟಿತು, ನಿಜವಾಗಿತ್ತಲ್ಲ! ಮಾವ ದ್ವೀಪದ ದೀಪಸ್ತಂಭ ಕಾಯುವವರು. ಅವರಿಗೆ ಪದಕ ಕೊಡುವ ಸಮಾರಂಭಕ್ಕೆ ಅಳಿಯನೇ ಕೋಟು ಹೊಲಿದಿದ್ದ. ಅದೂ ಹೇಗೆ? "ಮಾವನ ಅಳತೆ ನನ್ನ ಕಣ್ಣಲ್ಲೇ ಇದೆ" ಎಂದು ಟೇಪು ಮುಟ್ಟದೆ, ಮಹಾಶಯ! ಪದಕಕ್ಕೆಂದು ಮಾವ ಬಾಗಿದರು, ಬೆನ್ನು ಪರ್ರೆಂದಿತು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. "ನಾನು ಸತ್ರೂ ನೀವು ಹೊಲಿದದ್ದು ಹಾಕಲ್ಲ!" ಎಂದು ಕೋಟನ್ನು ಅಳಿಯನ ಮುಖಕ್ಕೆಸೆದು ಹೋದವರು ಮತ್ತೆ ಇತ್ತ ತಲೆಹಾಕಲಿಲ್ಲ.

ಇವತ್ತು ಬೆಳಿಗ್ಗೆ ಅಂಗಡಿಯ ಫೋನು ಬಡಿದುಕೊಂಡಿತು. ದೀಪಸ್ತಂಭದ ಸಹಾಯಕ. ಮಾತಿಗಿಂತ ಗೊರಗೊರವೇ ಜಾಸ್ತಿ.

"ನಿಮ್ಮ ಮಾವ... ಗೊರ್ರ್... ಮೇಲೆ ಹೋದ್ರು! ಇನ್ನು ಕೆಳಗೆ ಬರಲ್ಲ! ಬೇಗ... ಗೊರ್ರ್..."

ಅಷ್ಟಕ್ಕೆ ಫೋನೂ ಸತ್ತಿತು!

ಹೆಂಡತಿ ಅಳುವಷ್ಟು ಅತ್ತು, ಆಮೇಲೆ ತಣ್ಣಗೆ ಹೇಳಿದಳು. "ನಿಮ್ಮ ದೆಸೆಯಿಂದ ಅಪ್ಪನ ಮುಖ ನೋಡದ ಹಾಗಾಯ್ತು. ಆ ಕೋಟನ್ನ ಸರಿಮಾಡಿ ಅಪ್ಪನಿಗೆ ಹಾಕಿದ್ರೆ ನಿಮ್ಮ ಜೊತೆ ಮನೆಗೆ ಬರ್ತೀನಿ. ಇಲ್ಲಾಂದ್ರೆ ದ್ವೀಪದಲ್ಲೇ ಇದ್ದುಬಿಡ್ತೀನಿ."

ದರ್ಜಿ ಮಿಷನ್ನಿನ ಮುಂದೆ ಕೂತ. ಪಕ್ಕೆ ಸಡಿಲಿಸಿದ, ತೋಳು ಉದ್ದಮಾಡಿದ. ಕೊನೆಗೆ ಅಮ್ಮ ಕಲಿಸಿದ ಕಸುಬಿನ ಗುಟ್ಟೊಂದನ್ನೂ ಮಾಡಿದ. ಹೋದವರ ಮೈ ಮಣಿಯುವುದಿಲ್ಲ. ಅವರ ಕೋಟನ್ನು ಕಾಲರಿನ ಕೆಳಗಿನಿಂದ ಅಂಚಿನತನಕ ಬೆನ್ನಲ್ಲಿ ಸೀಳಿಬಿಡಬೇಕು, ಆಗ ತೊಡಿಸುವುದು ಸುಲಭ. ಮಲಗಿದವರ ಬೆನ್ನನ್ನು ಯಾರು ನೋಡುತ್ತಾರೆ! ಈ ಸಂಗತಿಯನ್ನು ಹೆಂಡತಿಗೆ ಮಾತ್ರ ಹೇಳಲಿಲ್ಲ. ಅಮ್ಮನನ್ನು ಅಂಗಡಿಯಲ್ಲಿ ಕೂರಿಸಿ ಇಬ್ಬರೂ ಹೊರಟರು.

ದೋಣಿ ಏಳುವಾಗ ದರ್ಜಿ ದೋಣಿಯ ಅಂಚು ಹಿಡಿಯುತ್ತಿದ್ದ, ಇಳಿಯುವಾಗ ಹೆಂಡತಿಯ ಕೈ. ಬೆಳಗಿನಿಂದಲೇ ಕವಿದಿದ್ದ ಕತ್ತಲೆ ಸಂಜೆಗೆ ಇನ್ನೂ ದಟ್ಟವಾಗಿತ್ತು. ದಡ ಮರೆಯಾಯಿತು, ಮುಂದೆ ಏನೂ ಕಾಣದು. ಆಮೇಲೆ ಆ ಕತ್ತಲೆಯೊಳಗೆ ಒಂದು ಬೆಳಕು ನಿಧಾನವಾಗಿ ತಿರುಗಿ, ದೋಣಿಯವನೂ ಸೇರಿ ಮೂವರ ಮುಖದ ಮೇಲೂ ಹಾದು, ಹೋಯಿತು.

ಹೆಂಡತಿ ಅವನ ತೋಳು ಹಿಡಿದಳು. "ರೀ, ಅಪ್ಪ ಹೋದ್ಮೇಲೆ ದೀಪ ತಿರುಗಿಸ್ತಿರೋದು ಯಾರು?"

"ಸಹಾಯಕ ಇರ್ಬೇಕು."

"ಅವನನ್ನ ಮಧ್ಯಾಹ್ನ ಪೇಟೆ ದಡಕ್ಕೆ ನಾನೇ ದಾಟಿಸಿದೆ," ಎಂದ ದೋಣಿಯವನು. "ಗಾಳೀಲಿ ಅವನ ಮಾತೂ ಕೇಳಿಸಲಿಲ್ಲ. ನಿಮ್ಮ ಮಾವ ಹೋದ್ರು ಅಂದ್ಮೇಲೆ ದ್ವೀಪದಲ್ಲಿ ಜೀವ ಇರೋರು ಯಾರೂ ಇಲ್ಲ ಸ್ವಾಮಿ." ಇಬ್ಬರನ್ನೂ ಬಂಡೆಯ ಮೇಲೆ ಇಳಿಸಿದ್ದೇ ತಡ, ತಿರುಗಿಯೂ ನೋಡದೆ ಹೊರಟುಬಿಟ್ಟ.

ದೀಪಸ್ತಂಭದ ಬಾಗಿಲು ತಾನಾಗಿ ತೆರೆಯುತ್ತ, ಮುಚ್ಚುತ್ತ ಇತ್ತು. ಒಳಗೆ ಮೇಜಿನ ಮೇಲೆ ಅರ್ಧ ಕುಡಿದ ಚಹಾ ಕೆನೆಗಟ್ಟಿತ್ತು. ಮೆಟ್ಟಿಲ ಬುಡದಲ್ಲಿ ಮಾವನ ಬೂಟುಗಳು. ಮಂಚದ ಮೇಲೆ ಬಿಳಿ ಹೊದಿಕೆ ಸುಕ್ಕಿಲ್ಲದೆ ಹಾಸಿತ್ತು, ಮೇಲೆ ಯಾರೂ ಇರಲಿಲ್ಲ.

"ಹೆಣ ಎಲ್ಲೇ?"

"ಹೆಣ ಅನ್ಬೇಡಿ! ನಮ್ಮಪ್ಪ!"

"ಆಯ್ತು. ನಿಮ್ಮಪ್ಪ ಎಲ್ಲಿ?"

ಆಗ ಗೋಡೆ ನಿಟ್ಟುಸಿರು ಬಿಟ್ಟಿತು. ಅಲ್ಲೊಂದು ಹಿತ್ತಾಳೆಯ ಕೊಳವೆ ಬಾಯಿ ತೆರೆದುಕೊಂಡಿತ್ತು. ಅದರೊಳಗಿನಿಂದ, ಎಲ್ಲೋ ಬಹಳ ದೂರದಿಂದ, ಮಾವನ ದನಿ!

"ಬಂ...ದ್ಯಾ..."

ದರ್ಜಿ ಕೋಟನ್ನು ಎದೆಗವಚಿಕೊಂಡ.

"ಚ...ಳಿ... ಕೋ...ಟು..."

"ಕೋಟು ಕೇಳ್ತಿದಾರೆ ಕಣೇ! ಹಾಕಲ್ಲ ಅಂದೋರು ಸತ್ತ ಮೇಲೆ ಕೇಳ್ತಿದಾರೆ!"

"ಕೋಟು ತಗೊಂಡು... ಮೇ...ಲೆ ಬಾ!"

"ಅಯ್ಯಯ್ಯೋ, ನನ್ನನ್ನೂ ಮೇಲಕ್ಕೆ ಕರೀತಿದಾರೆ!" ದರ್ಜಿ ಹೆಂಡತಿಯ ಸೆರಗಿನ ಹಿಂದೆ ಸೇರಿಕೊಂಡ.

"ಅದು ನಮ್ಮಪ್ಪ. ದೆವ್ವ ಆಗಿದ್ರೂ ನಮ್ಮಪ್ಪನೇ," ಎಂದವಳೇ ಅವಳು ಮೆಟ್ಟಿಲು ಹತ್ತಿದಳು. ಹತ್ತುವುದಕ್ಕಿಂತ ಕೆಳಗೆ ಒಬ್ಬನೇ ನಿಲ್ಲುವುದು ಭಯಂಕರ ಎನ್ನಿಸಿ ಶೂರನೂ ಹಿಂದೆಯೇ ಹತ್ತಿದ. ಮೇಲಿನಿಂದ ಕಿರ್ರ್, ಕಿರ್ರ್ ಎಂಬ ಸದ್ದು ನಿಲ್ಲದೆ ಬರುತ್ತಿತ್ತು.

ತುದಿಯ ಕೋಣೆಯಲ್ಲಿ ಮಾವ ಬರಿಗಾಲಲ್ಲಿ, ಒದ್ದೆ ಅಂಗಿಯಲ್ಲಿ, ದೊಡ್ಡ ದೀಪದ ಹಿಡಿಕೆ ತಿರುವುತ್ತಿದ್ದರು.

"ಅಪ್ಪಾ! ನೀವು ಮೇಲೆ ಹೋದ್ರಿ ಅಂತ..."

"ಹೌದು, ಬೆಳಿಗ್ಗೇನೇ ಮೇಲೆ ಬಂದೆ. ತಿರುಗಿಸೋ ಯಂತ್ರ ಕೆಟ್ಟಿದೆ. ಕೈಬಿಟ್ರೆ ಹಡಗು ಬಂಡೆಗೆ ಬಡಿಯುತ್ತೆ. ಫೋನು ಸತ್ತಿತು ಅಂತ ಸಹಾಯಕನೇ ರಿಪೇರಿಯವರನ್ನ ಕರೆಯೋಕೆ ಹೋದ, ಕೆಳಗೆ ಸದ್ದಾದಾಗ ಅವನೇ ಬಂದ ಅಂತ ಕೊಳವೇಲಿ ಕೂಗಿದೆ. ಅಳ್ತೀಯಾಕೆ ಮಗಳೇ?"

ಅವಳು ಅಪ್ಪನ ತೋಳಿಗೆ ಮುಖ ಒತ್ತಿದಳು. ಮಾವನ ಕಣ್ಣು ಅಳಿಯನ ಕೈಯಲ್ಲಿದ್ದ ಕೋಟಿನ ಮೇಲೆ ನಿಂತಿತು. "ಇಂಥ ಬಿರುಗಾಳೀಲಿ ನನಗೆ ಕೋಟು ಕೊಡೋಕೆ ಬಂದ್ರಾ ಅಳಿಯಂದ್ರೇ? ನಾನೇ ದುಡುಕಿ ಮಾತಾಡಿಬಿಟ್ಟೆ. ಹಿಡಿಕೆ ಹಿಡ್ಕೊಳ್ಳಿ, ಹಾಕ್ಕೊಂಡು ನೋಡೋಣ."

"ಬೇಡ ಮಾವ! ಇಸ್ತ್ರಿ ಆಗಿಲ್ಲ! ನಾಳೆ..." ಅಷ್ಟರಲ್ಲಿ ದರ್ಜಿಯ ಎರಡು ಕೈಯೂ ಹಿಡಿಕೆಯಲ್ಲಿ ಸಿಕ್ಕಿಬಿದ್ದಿದ್ದವು. ಮಾವ ತೊಟ್ಟೇಬಿಟ್ಟರು. ಗುಂಡಿ ಹಾಕಿದರು, ತೋಳು ಎತ್ತಿದರು, ಇಳಿಸಿದರು.

"ಅಳತೆ ಅಂದ್ರೆ ಇದು! ಎಲ್ಲೂ ಬಿಗೀತಿಲ್ಲ!"

ಎಂದು ಕಿಟಕಿಯತ್ತ ತಿರುಗಿದರು. ಗಾಳಿ ನುಗ್ಗಿತು. ಕೋಟಿನ ಹಿಂಭಾಗ ಎರಡು ರೆಕ್ಕೆಯಾಗಿ ಹಾರಿತು.

"ರೀ... ಇದೇನ್ರೀ?" ಎಂದಳು ಹೆಂಡತಿ.

ಮಾವ ಬೆನ್ನು ಮುಟ್ಟಿ ನೋಡಿಕೊಂಡರು. "ಮತ್ತೆ ಬೆನ್ನೇ?!"

"ಹರಿದದ್ದಲ್ಲ ಮಾವ... ನಾನೇ ಸೀಳಿದ್ದು. ನೀವು ತೀರ್ಕೊಂಡ್ರಿ ಅಂತ... ತೊಡಿಸೋಕೆ ಸುಲಭ ಆಗ್ಲಿ ಅಂತ..."

ದೀಪದ ಬೆಳಕು ಒಂದು ಸುತ್ತು ಹಾದುಹೋಯಿತು.

"ಸರಿ," ಎಂದರು ಮಾವ, ಮೆಲ್ಲಗೆ. "ಹೋದವರ ಕೋಟು ಹಾಕ್ಕೊಂಡಿದೀನಿ. ಹೋದವರು ಕೆಲಸ ಮಾಡ್ತಾರಾ? ಇನ್ನು ದೀಪ ನಿಮ್ಮದು. ಬಾ ಮಗಳೇ, ಚಹಾ ಕುಡಿಯೋಣ."

"ಏ, ಮನೆಗೆ ಬರ್ತೀಯಲ್ವೇ?"

"ಕೋಟು ಹಾಕಿಸಿದ್ರಲ್ಲ, ಬರ್ತೀನಿ," ಎಂದಳು ಅವಳು, ನಗು ತಡೆದುಕೊಂಡು. "ನೀವು ಕೆಳಗಿಳಿದ ಮೇಲೆ."

ದರ್ಜಿ ಹಿಡಿಕೆ ತಿರುವಿದ. ರಟ್ಟೆ ಬಿದ್ದುಹೋಗುವಂತಿತ್ತು. ಕೊಳವೆಯಲ್ಲಿ ಅಪ್ಪ-ಮಗಳ ನಗು, ಲೋಟಗಳ ಸದ್ದು. ಆಮೇಲೆ, ಬೆಳಿಗ್ಗೆಯಿಂದ ಸತ್ತಿದ್ದ ಕೆಳಗಿನ ಫೋನು ಎದ್ದು ಕೂಗಿತು.

"ಹಲೋ! ಯಾರು, ಬೀಗಿತ್ತಿಯವರಾ? ನಾನೇ, ನಾನೇ ಮಾತಾಡ್ತಿರೋದು! ಯಾಕೆ ಕಿರುಚ್ತೀರಿ?... ನಿಮ್ಮ ಮಗನಾ? ಅವರು ಮೇಲೆ ಹೋದ್ರು! ಹ್ಞೂಂ, ಮೇಲೆ! ಇನ್ನು ಕೆಳಗೆ ಬರೋ ಹಾಗಿಲ್ಲ!"

"ಮಾವಾ! ಹಾಗನ್ಬೇಡಿ! ನಾನು ಬದುಕಿದೀನಿ ಅನ್ನಿ!" ಎಂದು ದರ್ಜಿ ಅರಚಿದ. ಕೈಬಿಟ್ಟು ಓಡುವಂತಿಲ್ಲ, ಹೊರಗೆ ಕತ್ತಲಲ್ಲಿ ಯಾವುದೋ ಹಡಗು ಕೂಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಕೊಳವೆ ಮತ್ತೆ ಉಸಿರಾಡಿತು.

"ಅಳಿಯಂದ್ರೇ... ನಿಮ್ಮಮ್ಮ ತುಂಬ ಅಳ್ತಿದಾರೆ. ನಿಮಗೂ ಕೋಟು ಹೊಲಿಯೋಕೆ ಕತ್ತರಿ ತಗೊಂಡ್ರಂತೆ. ನಿಮ್ಮ ಅಳತೆ ಎಷ್ಟು ಅಂತ ಕೇಳ್ತಿದಾರೆ!"