ಬಕ್ಕೇಶಿ ಚಿಕ್ಕಪ್ಪನ ಬಡಿಸುವ ಯಂತ್ರ

ಬಕ್ಕೇಶಿ ಚಿಕ್ಕಪ್ಪ ಊಟದ ಮೇಜಿನ ಮೇಲಿನ ಬಟ್ಟೆಯನ್ನು ಸರ್ರನೆ ಎಳೆದ. ಕೆಳಗೆ ಒಂದು ಕಬ್ಬಿಣದ ಕೈ! ಭುಜವಿಲ್ಲ, ಮೈಯಿಲ್ಲ, ಬೆರಳಿನ ಜಾಗದಲ್ಲಿ ಸೌಟು. ದಾವಣಗೆರೆಯಲ್ಲಿ ಮೋಟಾರ್ ರಿಪೇರಿ ಮಾಡುವ ಚಿಕ್ಕಪ್ಪ ಅದನ್ನು ಹಳೇ ಫ್ಯಾನುಗಳಿಂದ ಮಾಡಿದ್ದ.

ಕಾರಣ ಅಪ್ಪನ ಶುಗರ್. ಅದು ಗಡಿಗೆ ಬಂದು ನಿಂತಿತ್ತು. ಮೂರು ತಿಂಗಳು ಮಿತವಾಗಿ ತಿಂದು, ನಡೆದಾಡಿದರೆ ಇಳಿದೀತು ಎಂದಿದ್ದರು ಡಾಕ್ಟರು. ಇದೇ ಕಾಯಿಲೆಯಿಂದ ತಾತನ ಕಣ್ಣು ಹೋದದ್ದನ್ನು ಅಪ್ಪ ಕಂಡಿದ್ದ. ಹೆದರಿ ದಿನಾ ಐದು ಕಿಲೋಮೀಟರ್ ನಡೆಯುತ್ತಿದ್ದ. ಆದರೆ ಮನೆಗೆ ಬಂದರೆ ಬಡಿಸುವವಳು ಅಜ್ಜಿ. ಅಜ್ಜಿಯ ಸೌಟಿಗೆ ‘ಸಾಕು’ ಕೇಳಿಸುವುದೇ ಇಲ್ಲ.

ಯಂತ್ರಕ್ಕೆ ಕೇಳಿಸಿತು! ಒಂದು ಜೋಳದ ರೊಟ್ಟಿ, ಒಂದು ಸೌಟು ಪಲ್ಯ. ಅಪ್ಪ ಸಾಕು ಅಂದ, ನಿಂತಿತು. ನಾವೆಲ್ಲ ಚಪ್ಪಾಳೆ ತಟ್ಟಿದರೆ ಅಜ್ಜಿ ಮುಖ ತಿರುಗಿಸಿದಳು.

ಭಾನುವಾರ ಅಕ್ಕನ ಅತ್ತೆ ಮಾವ ಊಟಕ್ಕೆ ಬಂದರು. ಬೀಗರು ಮೊದಲ ಹೋಳಿಗೆಗೇ ಮರ್ಯಾದೆಗೆ ‘ಸಾಕು’ ಅನ್ನುವುದು ನಮ್ಮ ಕಡೆ ರೂಢಿ. ಅವರೂ ಅಂದರು. ಯಂತ್ರ ಅಷ್ಟಕ್ಕೇ ನಿಲ್ಲಿಸಿಬಿಟ್ಟಿತು! ಅಜ್ಜಿ ಹೋಳಿಗೆ ತಟ್ಟೆ ಹಿಡಿದು ಓಡಿಬಂದರೆ ಅವಳನ್ನೂ ತಡೆಯಿತು. ಬೀಗರು ಅರೆಹೊಟ್ಟೆಯಲ್ಲೇ ಎದ್ದು ಹೋದರು.

“ಸಾಕು ಅಂದ ಕೂಡ್ಲೆ ನಿಲ್ಸಿದ್ರೆ ಅದು ಬಡ್ಸಾದೇನಲೇ? ಅದುಕ್ಕೆ ಮೊದ್ಲು ನಾಕು ಮಂದಿ ಮನಿ ರೀತಿ ಕಲ್ಸು” ಎಂದಳು ಅಜ್ಜಿ ಚಿಕ್ಕಪ್ಪನಿಗೆ.

ಚಿಕ್ಕಪ್ಪ ಯಂತ್ರಕ್ಕೆ ನೆಂಟರ ಮದುವೆ ಊಟದ ನಲವತ್ತು ವಿಡಿಯೊ ತೋರಿಸಿದ. ಅದು ಚೆನ್ನಾಗಿಯೇ ಕಲಿಯಿತು. ಸಾಕು ಅಂದರೆ ಒಂದು ಹಾಕಬೇಕು, ಅಂಗೈ ಅಡ್ಡ ಹಿಡಿದರೆ ಎರಡು!

ಮಾರನೆಯ ದಿನ ಅಪ್ಪ ಅಂಗೈ ಅಡ್ಡ ಹಿಡಿದ. ಹೋಳಿಗೆ ಅದರ ಮೇಲೇ ಬಿತ್ತು. ಎದ್ದು ಓಡಿದ, ಜೇಬಿಗೆ ಬಿತ್ತು. ಪ್ಲಗ್ ಕಿತ್ತರೆ ಯಂತ್ರ ಬ್ಯಾಟರಿಯಲ್ಲಿ ಬಡಿಸಿತು. ಅಜ್ಜಿ ಖುಷಿಯಿಂದ ದಿನಕ್ಕೊಂದು ಸಿಹಿ ಮಾಡಿ ಅದರ ಮುಂದಿಟ್ಟಳು. ತಟ್ಟೆಗೆ ಬಿದ್ದದ್ದನ್ನು ಬಿಡಬಾರದೆಂದು ಬೆಳೆದವನು ಅಪ್ಪ, ಬಿದ್ದದ್ದನ್ನೆಲ್ಲ ತಿಂದ. ಇಳಿಯುತ್ತಿದ್ದ ಶುಗರ್ ಎರಡೇ ವಾರದಲ್ಲಿ ಮತ್ತೆ ಏರಿತು.

ಅಪ್ಪ ಕೂಗಾಡಲಿಲ್ಲ. ರಿಪೋರ್ಟನ್ನು ಮಡಚುತ್ತಾ ಹೇಳಿದ:

“ಅವ್ವಾ, ಅಪ್ಪಾಜಿನೂ ಸಾಕು ಅಂತಿದ್ರು.”

ಅಜ್ಜಿ ಎದ್ದು, ಯಂತ್ರದ ಮುಂದಿದ್ದ ಹೋಳಿಗೆ ತೆಗೆದು ಮೆಂತ್ಯ ಸೊಪ್ಪಿನ ಪಲ್ಯ, ಕೋಸಂಬರಿ ಇಟ್ಟಳು. ಪಾತ್ರೆಯಲ್ಲಿ ಏನಿದೆ ಅಂತ ಯಂತ್ರಕ್ಕೇನು ಗೊತ್ತು? ಅದೇ ಉಪಚಾರ, ಅದೇ ಒತ್ತಾಯ! ಅಪ್ಪನ ಹೊಟ್ಟೆಯಲ್ಲಿ ಎರಡನೇ ರೊಟ್ಟಿಗೆ ಜಾಗವೇ ಉಳಿಯಲಿಲ್ಲ. ಕಿಟಕಿಯಾಚೆ ನಿಂತ ಹೂವಿನವಳ ಬುಟ್ಟಿಗೂ ಕೋಸಂಬರಿ ಬಿತ್ತು. ಕರೆಂಟ್ ಬಿಲ್ ಕೊಡಲು ಬಂದವನು ಬೇಡ ಬೇಡ ಅನ್ನುತ್ತಲೇ ಆರು ಸೌಟು ಪಲ್ಯ ತಿಂದು, ಬಿಲ್ ಕೊಡುವುದನ್ನು ಮರೆತು ಹೋದ.

ಮೂರನೇ ತಿಂಗಳು ಅಪ್ಪನ ಶುಗರ್ ಗಡಿಯಿಂದ ಕೆಳಗಿತ್ತು. ಹೀಗೇ ಇರಿ ಎಂದ ಡಾಕ್ಟರು ಮಾತ್ರೆ ಬರೆಯಲಿಲ್ಲ.

ಅವತ್ತು ನಮ್ಮೆಲ್ಲರ ಊಟವಾದ ಮೇಲೆ, ಎಂದಿನಂತೆ ಅಜ್ಜಿ ಉಳಿದದ್ದನ್ನು ಹಾಕಿಕೊಂಡು ಕೂತಳು. ಯಂತ್ರ ಗರ್ರನೆ ಅವಳತ್ತ ತಿರುಗಿತು.

“ನಂಗ್ಯಾಕಪ್ಪಾ, ಸಾಕು” ಅಂದಳು.

ಒಂದು ಸೌಟು ಬಿತ್ತು. ಅಂಗೈ ಅಡ್ಡ ಹಿಡಿದಳು, ಎರಡು ಬಿತ್ತು. ಅಜ್ಜಿಗೆ ಯಾರಾದರೂ ಒತ್ತಾಯ ಮಾಡಿ ಬಡಿಸಿದ್ದನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಅವಳು ತಲೆ ತಗ್ಗಿಸಿ ಅಷ್ಟನ್ನೂ ತಿಂದಳು.

ಬ್ಯಾಟರಿ ಕಿತ್ತುಬಿಡಲಾ ಎಂದು ಚಿಕ್ಕಪ್ಪ ಕೇಳಿದ. ಅಜ್ಜಿ ಬೇಡ ಅಂದಳು. ನಮ್ಮ ಮನೆಯಲ್ಲಿ ಒಂದೇ ಒಂದು ‘ಬೇಡ’ಕ್ಕೆ ಎಲ್ಲರೂ ಸುಮ್ಮನಾದದ್ದು ಅದೇ ಮೊದಲು.