ಗೋಡೆಯೀಚೆಯ ಕೊಂಬೆ

ಪಕ್ಕದ ಮನೆಯ ಶಿಬಾತ ನನಗೆ ಒಂದು ಕ್ಷಮೆ ಬಾಕಿ ಇಟ್ಟುಕೊಂಡಿದ್ದಾನೆ. ಬಿಸಿಲಿಗೆ ಹಾಕಿದ್ದ ನನ್ನ ಹಾಸಿಗೆಯ ಮೇಲೆ ಅವನ ಚೆರ್ರಿ ಮರದ ಕಂಬಳಿಹುಳ ಬಿತ್ತು. ನೋಡದೆ ಅದರ ಜೊತೆಗೇ ಮಲಗಿದೆ. ಬೆನ್ನೆಲ್ಲ ದದ್ದು. ಮರ ಅವನದು, ಆದರೆ ಒಂದು ಕೊಂಬೆ ನಮ್ಮ ಅಂಗಳದ ಮೇಲೆ ಚಾಚಿತ್ತು. ರೈಲು ಕಾರ್ಖಾನೆಯಲ್ಲಿ ಮುಷ್ಕರ ಮಾಡಿಯೇ ಕೂದಲು ನರೆಸಿಕೊಂಡ ಈ ತೊಕುಜಿ ಸುಮ್ಮನಿರುತ್ತಾನೆಯೇ? ಗೋಡೆಗೆ ಕೆಂಪಕ್ಷರದ ಫಲಕ ತೂಗುಹಾಕಿದೆ: "ಕೊಂಬೆ ಕಡಿ!" ಕ್ಷಮೆ ಕೇಳುವವರೆಗೆ ಅವನ ಅಂಗಳಕ್ಕೆ ಕಾಲಿಡೆನೆಂದು ಶಪಥವನ್ನೂ ಮಾಡಿದೆ. (ಹೂ ಬಿಡುವ ವಾರ ಮಾತ್ರ ಹೋರಾಟಕ್ಕೆ ರಜೆ.)

ಈ ವಸಂತದಲ್ಲಿ ಹೆಂಡತಿ ನೊಬುಕೊಗೆ ಜ್ಞಾನೋದಯವಾಯಿತು.

"ರೀ, ಪ್ರತಿ ವರ್ಷ ಹೂ ನೋಡೋಕೆ ಪಾರ್ಕಲ್ಲಿ ಜಾಗ ಹಿಡೀತೀನಿ ಅಂತ ಹೋಗಿ ಗೊರಕೆ ಹೊಡೀತೀರ. ಹೋದ ವರ್ಷ ಯಾರೋ ಹುಡುಗರು ನಿಮ್ಮನ್ನ ಟಾರ್ಪಾಲು ಸಮೇತ ಕಕ್ಕಸಿನ ಪಕ್ಕಕ್ಕೆ ಎಳೆದು ಹಾಕಿದ್ರು. ನಮ್ಮ ಅಂಗಳದಲ್ಲೇ ಹೂವಿದೆಯಲ್ಲ, ನಿಮ್ಮ ಕಾರ್ಮಿಕ ಸಂಘದವರನ್ನ ಇಲ್ಲಿಗೇ ಕರೀರಿ."

ಮಾತು ನಾಟಿತು. ಇಷ್ಟು ಕಾಲ ಅವರವರ ಮನೆಗಳಲ್ಲಿ ತಿಂದು ತೇಗಿದವನು ನಾನು. ಒಮ್ಮೆಯಾದರೂ ನನ್ನ ಹೂವಿನ ಕೆಳಗೆ ಅವರನ್ನು ಕೂರಿಸಿ ಉಣಿಸಬೇಡವೇ? ಕಾರ್ಡು ಹಾಕಿದೆ: "ಭಾನುವಾರ ಹೂ ನೋಡಲು ಬನ್ನಿ. ತಪ್ಪಿಸಬೇಡಿ."

ಭಾನುವಾರ ಕೊಂಬೆಯೆಲ್ಲ ಹೂ. ನೊಬುಕೊ ಅನ್ನದುಂಡೆ, ಕರಿದ ಕೋಳಿ, ಮೂರು ಬಣ್ಣದ ಸಿಹಿಯುಂಡೆ ಎಲ್ಲವನ್ನೂ ಡಬ್ಬಿಗಳಲ್ಲಿ ಜೋಡಿಸಿದಳು. ನಾನು ನೀಲಿ ಟಾರ್ಪಾಲು ಹಾಸುತ್ತಿದ್ದೆ. ಗೋಡೆಯಾಚೆ ಒಂದು ಏಣಿ ಎದ್ದಿತು. ಏಣಿಯ ಮೇಲೆ ಗರಗಸ ಹಿಡಿದ ಮಾಲಿ, ಪಕ್ಕದಲ್ಲಿ ಸೊಂಟ ಬಗ್ಗಿಸಿ ನಿಂತ ಶಿಬಾತ.

"ತೊಕುಜಿ ಅವರೇ, ಟಾರ್ಪಾಲು ಹಾಸಿದ್ದು ನೋಡಿದೆ. ಧರಣಿ ಮಾತ್ರ ಕೂರಬೇಡಿ. ನಾನು ಸೋತೆ. ಈಗಲೇ ಕಡಿಸ್ತೀನಿ."

"ಬೇಡ! ಇವತ್ತು ಬೇಡ!"

"ಛೇ ಛೇ, ಸಂಕೋಚ ಪಡಬೇಡಿ."

(ನಮ್ಮವರಲ್ಲಿ ಇದೊಂದು ಪಿಡುಗು. ಬೇಡ ಎಂದವನಿಗೆ ಬೇಕೇ ಬೇಕು ಎಂದು ತಿಳಿಯುವುದೇ ಸಭ್ಯತೆ.)

ಅಷ್ಟರಲ್ಲಿ ಗೇಟು ದಡಾರೆಂದಿತು. ಮುಂದೆ ಮುಷ್ಕರಗಳ ಕಾಲದ ನನ್ನ ಗೆಳೆಯ ಇವಾಕಿ, ಹಿಂದೆ ಸಂಘದ ಮುದಿ ಹುಲಿಗಳು. ಎಲ್ಲರ ಹಣೆಗೂ ಕೆಂಪು ಪಟ್ಟಿ. ಇವಾಕಿಯ ಕೈಯಲ್ಲಿ ಮೆಗಾಫೋನು!

"ಇದೇನೋ ವೇಷ?"

"ನೀನೇ ಕರೆದೆಯಲ್ಲೋ, ಹೂ ನೋಡಲು ಬನ್ನಿ ಅಂತ! ಆ ಕರೆ ಕೇಳಿ ಎಷ್ಟು ಕಾಲ ಆಗಿತ್ತೋ ಮಾರಾಯ!"

ಆಗ ಹೊಳೆಯಿತು. ಕಂಪನಿ ಸಭೆಗಳನ್ನು ನಿಷೇಧಿಸಿದ್ದ ಕಾಲದಲ್ಲಿ ಗುಟ್ಟಾಗಿ ಹೋರಾಟಕ್ಕೆ ಕರೆಯಲು ನಾವು ಬರೆಯುತ್ತಿದ್ದದ್ದು ಇದೇ ಸಾಲು. ಹಿಮ ಬೀಳುವಾಗಲೂ ನಾವು ಹೂ ನೋಡಲು ಹೋಗುತ್ತಿದ್ದೆವು.

ಇವಾಕಿ ಫಲಕ ಓದಿದ. ಮಾಲಿಯನ್ನು ನೋಡಿದ. "ಗೊತ್ತಾಯ್ತು. ಕಡಿಯೋಕೆ ಸತಾಯಿಸ್ತಿದ್ದಾನೆ!" ಮೆಗಾಫೋನು ಎತ್ತಿದ. "ಕೊಂಬೆ...!"

"ಕಡಿ! ಕಡಿ!" ಮುಷ್ಟಿಗಳು ಮೇಲೆದ್ದವು.

"ಕಡೀಬೇಡ್ರೋ!" ಎಂದೆ. ಕೇಳುವವರಾರು? (ಸಂಘಕ್ಕೆ ಆ ಮೆಗಾಫೋನು ಕೊಡಿಸಿದವನು ನಾನೇ.) ಬೆದರಿದ ಮಾಲಿ ಗರಗಸ ಎಳೆದೇಬಿಟ್ಟ. ಕೊಂಬೆ ಹೂವಿನ ಸಮೇತ ಶಿಬಾತನ ಕಡೆಗೇ ಬಿತ್ತು.

"ಗೆದ್ವಿ!" ಇವಾಕಿ ಬೆವರು ಒರೆಸಿಕೊಂಡ. "ಸರಿ, ಊಟಕ್ಕೆ ಕೂರೋಣ. ಅಂದ ಹಾಗೆ, ಹೂವೆಲ್ಲೋ?"

ಎಲ್ಲರೂ ತಲೆ ಎತ್ತಿದರು. ಆಕಾಶವಿತ್ತು, ಕರೆಂಟಿನ ತಂತಿಯಿತ್ತು.

ಶಿಬಾತ ಕಣ್ಣೊರೆಸಿಕೊಂಡು ಕೈಮುಗಿದ. ನನಗಲ್ಲ, ಮರಕ್ಕೆ! "ಕ್ಷಮಿಸು ತಾಯಿ," ಎಂದ. ನನ್ನ ಬಾಕಿ ಮರಕ್ಕೆ ಸಂದಾಯವಾಯಿತು. ಆಮೇಲೆ ಸಂಘದವರಿಗೆ, "ಈ ಕಡೆ ಮರದ ತುಂಬ ಹೂವಿದೆ, ಎಲ್ಲರೂ ಬನ್ನಿ," ಎಂದ. ಮುದಿ ಹುಲಿಗಳು ಹಣೆಪಟ್ಟಿ ಬಿಚ್ಚಿ ಹೊರಟವು. ನೊಬುಕೊ ಡಬ್ಬಿಗಳನ್ನು ಎತ್ತಿಕೊಂಡಳು.

"ರೀ, ಬನ್ನಿ."

"ನನ್ನ ಶಪಥ ಏನಾಗಬೇಕು?"

"ಹಾಗಾದ್ರೆ ಇಲ್ಲೇ ಜಾಗ ಕಾಯ್ತಿರಿ."

ಕಾಯುತ್ತಿದ್ದೇನೆ. ಗೋಡೆಯಾಚೆ ಮೆಗಾಫೋನು ಇನ್ನಷ್ಟು ಸಾಕೆ ಮದ್ಯ ಬಗ್ಗಿಸಲು ಹೇಳುತ್ತಿದೆ. ಓದುತ್ತಾ ಕೂತವರೇ, ನ್ಯಾಯವೆನ್ನುವುದು ನಿಮ್ಮಲ್ಲಿ ಉಳಿದಿದ್ದರೆ ಈಗಲೇ ಎದ್ದು ಆ ಶಿಬಾತನ ಬಾಯಿಂದ ನನಗೊಂದು ಕ್ಷಮೆ ಹೇಳಿಸಿ. ನಾಳೆಯಲ್ಲ, ಇವತ್ತೇ. ಕರಿದ ಕೋಳಿ ಮುಗಿಯುವ ಮೊದಲು.